ಕೊಲ್ಲುವ ಮಾತ್ರೆಯೋ, ಕಾಯುವ ಮಾತ್ರೆಯೋ? ನಿಮಿರು ದೌರ್ಬಲ್ಯದ ಸುದ್ದಿಗಳನ್ನು ಬಿಡಿಸಿ ನೋಡೋಣ

ಮುಂಬೈ, ಪುಣೆ ಕನ್ನಡಿಗರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಎರಡು ಸುದ್ದಿ ಆಗಾಗ ತಿರುಗಿ ಬರುತ್ತವೆ. ಒಂದು ನಾಗ್ಪುರದ್ದು. 41 ವರ್ಷದ ಒಬ್ಬರು ಮದ್ಯದ ಜೊತೆ 50 ಮಿಲಿಗ್ರಾಂನ ಎರಡು ಸಿಲ್ಡೆನಾಫಿಲ್ ಮಾತ್ರೆ, ಅಂದರೆ ಶಿಶ್ನ ನಿಮಿರದ ತೊಂದರೆಗೆ ಕೊಡುವ ವಯಾಗ್ರಾದ ಔಷಧಿ, ನುಂಗಿದ್ದರು. ಮಿದುಳಿನಲ್ಲಿ ರಕ್ತಸ್ರಾವವಾಗಿ ತೀರಿಕೊಂಡರು. ವೈದ್ಯರು ಅದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು, 2023ರ ಮಾರ್ಚ್‌ನಲ್ಲಿ ಅದು ಎಲ್ಲೆಡೆ ಸುದ್ದಿಯಾಯಿತು. ಇನ್ನೊಂದು ಲಂಡನ್ನಿನದು. ಅಲ್ಲಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಸುಮಾರು 2,70,000 ಗಂಡಸರ ದಾಖಲೆ ನೋಡಿ, ಇದೇ ಗುಂಪಿನ ಮಾತ್ರೆ ಬರೆಸಿಕೊಂಡವರಲ್ಲಿ ಆಲ್ಝೈಮರ್ ಎಂಬ ಮರೆವಿನ ಕಾಯಿಲೆ ಶೇ 18ರಷ್ಟು ಕಡಿಮೆ ಕಂಡಿತು ಅಂತ 2024ರ ಫೆಬ್ರವರಿಯಲ್ಲಿ ಪ್ರಕಟಿಸಿದರು.

ಒಂದೇ ಮಾತ್ರೆ. ಒಂದು ಕಡೆ ಸಾವು, ಇನ್ನೊಂದು ಕಡೆ ರಕ್ಷಣೆ. ಇದರ ಮೇಲೆ ಆಯುರ್ವೇದ ಔಷಧಿಗಳ ಜಾಹೀರಾತಿನ ನಿಯಮ ಇದೆಯೋ ಹೋಯಿತೋ ಎಂಬ ಕೋರ್ಟ್ ಸುದ್ದಿ ಬೇರೆ. ಓದುವವರು ಏನು ಅಂದುಕೊಳ್ಳಬೇಕು?

ಈ ಎಲ್ಲ ಸುದ್ದಿಗಳ ಕೆಳಗೆ ಒಂದೇ ವಿಷಯ ಅಡಗಿದೆ ಅನ್ನುವುದು ಈ ಲೇಖನದ ವಾದ. ಮಾತ್ರೆಯಷ್ಟೇ ಮುಖ್ಯವಾದದ್ದು ಅದು ನಿಮ್ಮ ಕೈಗೆ ಬರುವ ದಾರಿ. ಆ ದಾರಿಯಲ್ಲಿ ಯಾರಾದರೂ ನಾಲ್ಕು ಪ್ರಶ್ನೆ ಕೇಳಿದರೆ ಇದು ಸಾಕಷ್ಟು ಸುರಕ್ಷಿತ ಔಷಧಿ. ಯಾರೂ ಕೇಳದಿದ್ದರೆ ಇದೇ ಮಾತ್ರೆ ಅಪಾಯಕಾರಿ. ಜೊತೆಗೆ, ಬಂದ ತೊಂದರೆ ಹೇಳಲು ಹೊರಟಿದ್ದ ಇನ್ನೊಂದು ದೊಡ್ಡ ಸಂಗತಿಯೂ ಕೇಳಿಸದೇ ಹೋಗುತ್ತದೆ.

ದೇಹದೊಳಗೆ ನಡೆಯುವುದೇನು

ನಿಮಿರುವಿಕೆ ಮುಖ್ಯವಾಗಿ ರಕ್ತದ ವಿಚಾರ. ಆಸೆ ಹುಟ್ಟಿದಾಗ ಅಥವಾ ಸ್ಪರ್ಶವಾದಾಗ ನರಗಳ ತುದಿಯಿಂದ, ಆಮೇಲೆ ರಕ್ತನಾಳದ ಒಳಪೊರೆಯಿಂದ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಡುಗಡೆಯಾಗುತ್ತದೆ. ಅದು ಶಿಶ್ನದೊಳಗಿನ ಸ್ನಾಯುಗಳನ್ನು ಸಡಿಲಗೊಳಿಸುತ್ತದೆ. ಸಡಿಲವಾದ ಜಾಗಕ್ಕೆ ರಕ್ತ ನುಗ್ಗುತ್ತದೆ, ಹಾಗೆ ತುಂಬಿಕೊಂಡ ರಕ್ತದ ಒತ್ತಡಕ್ಕೇ ಹೊರಹೋಗುವ ನಾಳಗಳು ಅದುಮಿ ಮುಚ್ಚಿಕೊಳ್ಳುತ್ತವೆ, ಹಾಗಾಗಿ ರಕ್ತ ಅಲ್ಲೇ ನಿಲ್ಲುತ್ತದೆ. ಕೆಲಸ ಮುಗಿದ ಮೇಲೆ ಪಿಡಿಇ5 ಎಂಬ ಕಿಣ್ವ ಈ ಸಂದೇಶವನ್ನು ಅಳಿಸಿ ಎಲ್ಲವನ್ನೂ ಮೊದಲಿನ ಸ್ಥಿತಿಗೆ ತರುತ್ತದೆ. ರಕ್ತನಾಳಗಳಲ್ಲಿ ನೈಟ್ರಿಕ್ ಆಕ್ಸೈಡ್‌ನ ಕೆಲಸ ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಬಂತು. ವಯಾಗ್ರಾಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದೂ ಅದೇ ವರ್ಷ.

ಈ ಸರಪಳಿಯಲ್ಲಿ ಮನಸ್ಸು, ನರ, ಹಾರ್ಮೋನು, ರಕ್ತನಾಳ ಎಲ್ಲವೂ ಇವೆ. ಯಾವ ಕೊಂಡಿ ಸಡಿಲವಾದರೂ ಹೊರಗೆ ಕಾಣುವ ತೊಂದರೆ ಒಂದೇ. ಅದಕ್ಕೇ ಎಲ್ಲರಿಗೂ ಒಂದೇ ಔಷಧಿ ಹೊಂದುವುದಿಲ್ಲ.

ಒಂದೆರಡು ಸಲ ಆಗಲಿಲ್ಲ ಅಂದರೆ ಅದು ಕಾಯಿಲೆ ಅಲ್ಲ. ದಣಿವು, ನಿದ್ದೆಗೇಡು, ಕುಡಿತ, ಜಗಳ, ಇಷ್ಟು ಸಾಕು. ತಿಂಗಳುಗಟ್ಟಲೆ ಹೆಚ್ಚಿನ ಸಲ ಹಾಗೇ ಆಗುತ್ತಿದ್ದರೆ ಮಾತ್ರ ವೈದ್ಯರು ಅದನ್ನು ನಿಮಿರು ದೌರ್ಬಲ್ಯ ಅನ್ನುತ್ತಾರೆ. ಶೀಘ್ರಸ್ಖಲನ ಬೇರೆ, ಆಸೆಯೇ ಕಡಿಮೆಯಾಗುವುದು ಬೇರೆ, ಮಕ್ಕಳಾಗದಿರುವುದು ಬೇರೆ. ನಾಲ್ಕನ್ನೂ ಒಂದೇ ಗಂಟಿಗೆ ಕಟ್ಟಿ ಗಂಡಸ್ತನದ ಪ್ರಶ್ನೆ ಮಾಡಿಬಿಡುವುದರಿಂದಲೇ ಜನ ಹೆದರುತ್ತಾರೆ. ಇದು ಎಷ್ಟು ಸಾಮಾನ್ಯ ಅಂತ ತಿಳಿಯಬೇಕಾದರೆ ಅಮೆರಿಕದ ಮ್ಯಾಸಚೂಸೆಟ್ಸ್‌ನ ಹೆಸರಾಂತ ಸಮೀಕ್ಷೆ ನೋಡಿ. 1994ರಲ್ಲಿ ಪ್ರಕಟವಾದ ಅದರಲ್ಲಿ 40ರಿಂದ 70 ವರ್ಷದ ಗಂಡಸರಲ್ಲಿ ಶೇ 52 ಮಂದಿಗೆ ಸಣ್ಣದೋ ದೊಡ್ಡದೋ, ಯಾವುದೋ ಮಟ್ಟದ ತೊಂದರೆ ಇತ್ತು.

ಹೃದಯಕ್ಕಿಂತ ಮೊದಲೇ ಬರುವ ಸೂಚನೆ

ಶಿಶ್ನಕ್ಕೆ ರಕ್ತ ತರುವ ನಾಳದ ಅಗಲ 1ರಿಂದ 2 ಮಿಲಿಮೀಟರ್. ಹೃದಯದ ನಾಳ 3ರಿಂದ 4 ಮಿಲಿಮೀಟರ್. ಕೊಬ್ಬು, ಸಕ್ಕರೆ, ಬಿಪಿ, ತಂಬಾಕು ಸೇರಿ ರಕ್ತನಾಳಗಳನ್ನು ಕೆಡಿಸುವಾಗ ಇಡೀ ದೇಹದಲ್ಲಿ ಒಟ್ಟಿಗೇ ಕೆಡಿಸುತ್ತವೆ. ಆದರೆ ಸಣ್ಣ ನಾಳದಲ್ಲಿ ಅಡ್ಡಿ ಬೇಗ ಗೊತ್ತಾಗುತ್ತದೆ, ದೊಡ್ಡದರಲ್ಲಿ ತಡವಾಗಿ. ಹೀಗಾಗಿ ಎಷ್ಟೋ ಜನರಲ್ಲಿ ಎದೆನೋವು ಬರುವ ಎರಡರಿಂದ ಐದು ವರ್ಷ ಮೊದಲೇ ನಿಮಿರುವಿಕೆ ಕುಗ್ಗಲು ಶುರುವಾಗಿರುತ್ತದೆ. ಹೃದ್ರೋಗ ತಜ್ಞರು ಇದನ್ನು ಗಂಭೀರವಾಗಿ ತೆಗೆದುಕೊಳ್ಳುವುದು ಇದಕ್ಕೇ. 45ರ ಆಸುಪಾಸಿನವರಿಗೆ ಇಂಥ ತೊಂದರೆ ಬಂದರೆ ಶುಗರ್, ಕೊಲೆಸ್ಟ್ರಾಲ್, ಬಿಪಿ ನೋಡದೆ ಮಾತ್ರೆ ಕೊಟ್ಟು ಕಳಿಸುವುದು ತಪ್ಪು.

ನಮ್ಮ ಕಡೆ ಈ ಮಾತಿಗೆ ಇನ್ನೂ ಜಾಸ್ತಿ ತೂಕ ಇದೆ. 2023ರ ಜೂನ್‌ನಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10 ಕೋಟಿ ದಾಟಿದ್ದಾರೆ, ರಾಜ್ಯಗಳ ಪೈಕಿ ಅತಿ ಹೆಚ್ಚು ಇರುವುದು ಗೋವಾದಲ್ಲಿ, ಶೇ 26.4. ದೊಡ್ಡವರಲ್ಲಿ ನಾಲ್ವರಿಗೆ ಒಬ್ಬರು ಅಂತಾಯಿತು. ಸಕ್ಕರೆ ಕಾಯಿಲೆ ರಕ್ತನಾಳದ ಒಳಪೊರೆಯನ್ನೂ ಕೆಡಿಸುತ್ತದೆ, ನರಗಳನ್ನೂ ಕೆಡಿಸುತ್ತದೆ. ಅಂದರೆ ನೈಟ್ರಿಕ್ ಆಕ್ಸೈಡ್ ಹುಟ್ಟುವ ಎರಡೂ ಕಡೆ ಪೆಟ್ಟು. ಸಕ್ಕರೆ ಕಾಯಿಲೆ ಇರುವವರಲ್ಲಿ ನಿಮಿರು ದೌರ್ಬಲ್ಯ ಉಳಿದವರಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ ಕಾಣುವುದು, ಅದೂ ಚಿಕ್ಕ ವಯಸ್ಸಿಗೇ ಶುರುವಾಗುವುದು ಈ ಕಾರಣದಿಂದ.

"ನಾನು ತೆಳ್ಳಗಿದ್ದೇನೆ, ನನಗೆಲ್ಲಿಯ ಶುಗರ್" ಅನ್ನುವವರಿಗೆ ಪುಣೆಯಿಂದಲೇ ಉತ್ತರ ಇದೆ. ಅಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ದೇಹಗಳನ್ನು ಹೋಲಿಸಿ ಬರೆದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, ಒಂದೇ: 22.3. ಆದರೆ ಯಡ್ಕಿನ್ ದೇಹದಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ದೇಹದಲ್ಲಿ ಶೇ 21.2. ಹೊರಗೆ ತೆಳ್ಳಗೆ, ಒಳಗೆ ಕೊಬ್ಬು. ಭಾರತೀಯರಲ್ಲಿ ಇದು ಸಾಮಾನ್ಯ. ಹಾಗಾಗಿ ಹೊಟ್ಟೆ ಬಂದಿಲ್ಲ ಅಂತ ಪರೀಕ್ಷೆ ತಪ್ಪಿಸಿಕೊಳ್ಳುವುದಕ್ಕೆ ಆಗುವುದಿಲ್ಲ.

ಮನಸ್ಸಿನ ಪಾಲು ಎಷ್ಟು

ಹಳೆಯ ವಾದ ಇದು. ಒಂದು ಕಾಲದಲ್ಲಿ ವೈದ್ಯರು ಇದರಲ್ಲಿ ಬಹುಪಾಲು ಮನಸ್ಸಿನದೇ ಅನ್ನುತ್ತಿದ್ದರು. ಮಾತ್ರೆ ಬಂದ ಮೇಲೆ ಎಲ್ಲವೂ ರಕ್ತನಾಳದ್ದೇ ಅನ್ನುವ ಕಡೆ ವಾಲಿದರು. ನಿಜದಲ್ಲಿ ಹೆಚ್ಚಿನವರಲ್ಲಿ ಎರಡೂ ಬೆರೆತಿರುತ್ತವೆ. ಶುಗರ್‌ನಿಂದ ಒಂದು ಸಲ ತಪ್ಪಿದರೆ ಮುಂದಿನ ಸಲಕ್ಕೆ ಭಯ ಸೇರಿಕೊಳ್ಳುತ್ತದೆ. ಭಯ ಬಂದಾಗ ದೇಹದಲ್ಲಿ ಅಡ್ರಿನಲಿನ್ ಏರುತ್ತದೆ, ಅಡ್ರಿನಲಿನ್ ಸ್ನಾಯುಗಳನ್ನು ಬಿಗಿ ಮಾಡುತ್ತದೆ, ಸಡಿಲವಾಗಬೇಕಾದ ಜಾಗ ಬಿಗಿಯಾಗಿಯೇ ಉಳಿಯುತ್ತದೆ. ಎರಡನೇ ಸಲವೂ ತಪ್ಪುತ್ತದೆ. ಭಯ ಎರಡು ಪಟ್ಟಾಗುತ್ತದೆ.

ಮೂಲ ಎಲ್ಲಿದೆ ಅಂತ ಊಹಿಸಲು ವೈದ್ಯರು ಕೇಳುವ ಒಂದು ಪ್ರಶ್ನೆ ಇದೆ. ಬೆಳಗ್ಗೆ ಏಳುವಾಗ ನಿಮಿರುವಿಕೆ ಇರುತ್ತದೆಯೇ? ಇದ್ದರೆ ನರ, ನಾಳ ಹೆಚ್ಚುಕಡಿಮೆ ಸರಿಯಾಗಿವೆ ಅಂತ ಅರ್ಥ. ತೊಂದರೆ ದಿಢೀರಂತ ಶುರುವಾಗಿದ್ದರೆ, ಕೆಲವೊಮ್ಮೆ ಮಾತ್ರ ಬರುತ್ತಿದ್ದರೆ ಮನಸ್ಸಿನ ಪಾಲು ಜಾಸ್ತಿ. ವರ್ಷಗಳ ಕಾಲ ನಿಧಾನವಾಗಿ ಕುಗ್ಗುತ್ತಾ ಬಂದಿದ್ದರೆ, ಬೆಳಗ್ಗೆಯೂ ಇಲ್ಲದಿದ್ದರೆ ದೇಹದ ಪಾಲು ಜಾಸ್ತಿ.

ಊರು ಬಿಟ್ಟು ಬಂದು ದುಡಿಯುವವರ ಬದುಕನ್ನು ಇಲ್ಲಿ ಮರೆಯುವ ಹಾಗಿಲ್ಲ. ಅಂಧೇರಿ, ಠಾಣೆ, ಪುಣೆಯ ಹೋಟೆಲುಗಳಲ್ಲಿ ಮಧ್ಯರಾತ್ರಿವರೆಗೂ ನಿಂತು ಕೆಲಸ ಮಾಡಿ ನಾಲ್ಕೈದು ಜನರ ರೂಮಿನಲ್ಲಿ ಮಲಗುವ ಕರಾವಳಿಯ ಹುಡುಗರು, ವಾಸ್ಕೋ ಬೈನಾ ಮತ್ತು ಜುವಾರಿನಗರದಲ್ಲಿ ಕಟ್ಟಡದ ಕೆಲಸಕ್ಕೆ ಬಂದ ಬಾಗಲಕೋಟೆ, ವಿಜಯಪುರದ ಕಡೆಯವರು, ಇವರಲ್ಲಿ ಅನೇಕರು ಹೆಂಡತಿಯನ್ನು ನೋಡುವುದೇ ವರ್ಷದಲ್ಲಿ ಒಂದೆರಡು ಸಲ, ಜಾತ್ರೆಗೋ ಹಬ್ಬಕ್ಕೋ ಊರಿಗೆ ಹೋದಾಗ. ಇರುವುದು ಕೆಲವೇ ದಿನ, ಆ ದಿನಗಳ ಮೇಲೆ ಇಡೀ ವರ್ಷದ ನಿರೀಕ್ಷೆ. ಅಷ್ಟು ಒತ್ತಡದಲ್ಲಿ ಆರೋಗ್ಯವಂತನ ದೇಹವೂ ಕೈಕೊಡಬಹುದು ಅಲ್ವಾ? ಅದಕ್ಕೆ ಹೆದರಿ ರೂಮಿನ ಗೆಳೆಯ ಕೊಟ್ಟ ಮಾತ್ರೆಯನ್ನು ಜೇಬಿಗಿಟ್ಟುಕೊಂಡು ಬಸ್ಸು ಹತ್ತುತ್ತಾರೆ. ಇಂಥವರಿಗೆ ಬೇಕಾಗಿದ್ದು ಧೈರ್ಯದ ಮಾತು ಮತ್ತು ಅವಸರವಿಲ್ಲದ ನಾಲ್ಕು ದಿನ.

ಧಾತು ಹೋಗುತ್ತದೆ, ಅದರಿಂದಲೇ ಶಕ್ತಿ ಕುಂದಿತು ಎಂಬ ಭಯವೂ ಇದಕ್ಕೆ ಸೇರುತ್ತದೆ. ವೀರ್ಯ ಹೋದದ್ದರಿಂದ ನಿಮಿರುವಿಕೆ ಕೆಡುವುದಿಲ್ಲ. ಆ ಭಯ ಮಾತ್ರ ನಿಜವಾಗಿಯೂ ಕೆಡಿಸುತ್ತದೆ. ಮನೋವೈದ್ಯರು ಇದನ್ನು 1960ರಿಂದಲೇ ಧಾತ್ ಸಿಂಡ್ರೋಮ್ ಎಂಬ ಹೆಸರಲ್ಲಿ ಗುರುತಿಸಿದ್ದಾರೆ, ಸಮಾಧಾನದ ಮಾತಿನಿಂದಲೂ ಚಿಕಿತ್ಸೆಯಿಂದಲೂ ಇದು ವಾಸಿಯಾಗುತ್ತದೆ.

ಮಾತ್ರೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಸಿಲ್ಡೆನಾಫಿಲ್, ಟಡಾಲಾಫಿಲ್ ಮುಂತಾದವು ಮೇಲೆ ಹೇಳಿದ ಪಿಡಿಇ5 ಕಿಣ್ವವನ್ನು ತಡೆಯುತ್ತವೆ. ಸಂದೇಶ ಬೇಗ ಅಳಿಸಿ ಹೋಗದಂತೆ ನೋಡಿಕೊಳ್ಳುತ್ತವೆ, ಅಷ್ಟೇ. ಸಂದೇಶ ಮೊದಲು ಹುಟ್ಟಬೇಕು. ಅಂದರೆ ಆಸೆ, ಸ್ಪರ್ಶ ಇಲ್ಲದೆ ಮಾತ್ರೆ ಕೆಲಸ ಮಾಡುವುದಿಲ್ಲ. ಆಸೆಯನ್ನು ಅದು ಹೆಚ್ಚಿಸುವುದೂ ಇಲ್ಲ. ತೊಂದರೆ ಇಲ್ಲದ ಯುವಕರು "ಪವರ್"ಗೆ ಅಂತ ತೆಗೆದುಕೊಳ್ಳುವುದರಿಂದ ಸಿಗುವುದು ತಲೆನೋವು ಮತ್ತು ಮಾತ್ರೆ ಇಲ್ಲದಿದ್ದರೆ ಆಗದು ಎಂಬ ಹೊಸ ಭಯ.

ಸಿಲ್ಡೆನಾಫಿಲ್ ಅನ್ನು ಸುಮಾರು ಒಂದು ಗಂಟೆ ಮೊದಲು ತೆಗೆದುಕೊಳ್ಳಬೇಕು, ನಾಲ್ಕೈದು ಗಂಟೆ ಪರಿಣಾಮ ಇರುತ್ತದೆ. ಹೊಟ್ಟೆ ತುಂಬ ಎಣ್ಣೆ, ತುಪ್ಪದ ಊಟ ಮಾಡಿ ನುಂಗಿದರೆ ತಡವಾಗುತ್ತದೆ, ಪರಿಣಾಮವೂ ಕಡಿಮೆ. ಬಿರಿಯಾನಿ ತಿಂದು ಮಾತ್ರೆ ನುಂಗಿ "ಕೆಲಸ ಮಾಡಲಿಲ್ಲ" ಅಂತ ಎರಡನೆಯದನ್ನು ನುಂಗುವುದು ಇಲ್ಲಿಂದಲೇ ಶುರು. ಟಡಾಲಾಫಿಲ್‌ಗೆ ಊಟದ ತಕರಾರಿಲ್ಲ, ಪರಿಣಾಮ 36 ಗಂಟೆವರೆಗೂ ಇರಬಹುದು. ಸಣ್ಣ ಪ್ರಮಾಣದಲ್ಲಿ, 2.5 ಅಥವಾ 5 ಮಿಲಿಗ್ರಾಂ, ದಿನವೂ ತೆಗೆದುಕೊಳ್ಳುವ ಪದ್ಧತಿಯೂ ಇದೆ. ಸರಿಯಾಗಿ ಬಳಸಿದರೆ ಹತ್ತರಲ್ಲಿ ಆರೇಳು ಜನರಿಗೆ ಉಪಯೋಗವಾಗುತ್ತದೆ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಸ್ವಲ್ಪ ಕಡಿಮೆ. ಒಂದೇ ಸಲಕ್ಕೆ ಕೈಬಿಡಬಾರದು, ಆರೇಳು ಬಾರಿಯಾದರೂ ನೋಡಿ ಆಮೇಲೆ ತೀರ್ಮಾನಿಸಬೇಕು ಅನ್ನುತ್ತಾರೆ ವೈದ್ಯರು. ತಲೆನೋವು, ಮುಖ ಬಿಸಿಯಾಗುವುದು, ಮೂಗು ಕಟ್ಟುವುದು, ಹೊಟ್ಟೆಯುರಿ ಸಾಮಾನ್ಯ. ಕೆಲವರಿಗೆ ನೋಟ ಸ್ವಲ್ಪ ನೀಲಿಯಾಗಿ ಕಾಣುತ್ತದೆ, ಟಡಾಲಾಫಿಲ್‌ನಿಂದ ಸೊಂಟ ನೋಯಬಹುದು. ದಿಢೀರಂತ ಕಣ್ಣು ಮಂಜಾದರೆ, ಕಿವಿ ಕೇಳದಾದರೆ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಎದೆನೋವಿಗೆ ನಾಲಗೆಯ ಕೆಳಗಿಡುವ ಸಾರ್ಬಿಟ್ರೇಟ್ ಗೊತ್ತಲ್ಲ? ಅದು ನೈಟ್ರೇಟ್ ಗುಂಪಿನ ಔಷಧಿ. ಅದೂ ರಕ್ತನಾಳ ಸಡಿಲಿಸುತ್ತದೆ, ಇದೂ ಸಡಿಲಿಸುತ್ತದೆ. ಎರಡೂ ಸೇರಿದರೆ ಬಿಪಿ ಒಮ್ಮೆಲೇ ಕುಸಿಯುತ್ತದೆ, ಹೃದಯಕ್ಕೇ ರಕ್ತ ಸಾಲದೆ ಪ್ರಾಣ ಹೋಗಬಹುದು. ಸಿಲ್ಡೆನಾಫಿಲ್ ನುಂಗಿದ 24 ಗಂಟೆ, ಟಡಾಲಾಫಿಲ್ ನುಂಗಿದ 48 ಗಂಟೆ ನೈಟ್ರೇಟ್ ಕೊಡುವ ಹಾಗಿಲ್ಲ. ಮನೆಯಲ್ಲಿ ಅಪ್ಪನಿಗೋ ಮಾವನಿಗೋ ಅಂತ ಸಾರ್ಬಿಟ್ರೇಟ್ ಇಟ್ಟುಕೊಂಡಿರುತ್ತಾರೆ, ಎದೆನೋವು ಅಂದ ಕೂಡಲೇ ಯಾರದೋ ಬಾಯಿಗೆ ಇಡುತ್ತಾರೆ. ಆತ ಎರಡು ಗಂಟೆ ಮೊದಲು ಏನು ನುಂಗಿದ್ದ ಅಂತ ಆ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್ ಥರದ ಮಾತ್ರೆ ತೆಗೆದುಕೊಳ್ಳುವವರೂ ಮೊದಲೇ ವೈದ್ಯರಿಗೆ ಹೇಳಬೇಕು.

ಹಾಗಾದರೆ ಆ ಎರಡು ಸುದ್ದಿ?

ನಾಗ್ಪುರದ ಪ್ರಕರಣದ ಮರಣೋತ್ತರ ಪರೀಕ್ಷೆಯಲ್ಲಿ ಮಿದುಳಿನಲ್ಲಿ ಸುಮಾರು 300 ಗ್ರಾಂ ಹೆಪ್ಪುಗಟ್ಟಿದ ರಕ್ತ ಸಿಕ್ಕಿತು. ಹೃದಯದ ಗೋಡೆ ದಪ್ಪವಾಗಿತ್ತು, ಲಿವರ್, ಮೂತ್ರಪಿಂಡಗಳಿಗೂ ಹಾನಿಯಾಗಿತ್ತು. ಹೃದಯದ ಗೋಡೆ ಒಂದೇ ರಾತ್ರಿಯಲ್ಲಿ ದಪ್ಪವಾಗುವುದಿಲ್ಲ, ಅದು ಬಹುಕಾಲದ ಅಧಿಕ ರಕ್ತದೊತ್ತಡದ ಗುರುತು. ಮದ್ಯ, ಮಾತ್ರೆ, ಮೊದಲೇ ಇದ್ದ ಬಿಪಿ, ಮೂರೂ ಒಂದೇ ರಾತ್ರಿ ಸೇರಿದವು ಅಂತ ವೈದ್ಯರು ವಿವರಿಸಿದರು. ಅವರು ಅದನ್ನು ಬರೆದದ್ದೇ ಇಂಥದ್ದು ಬಹಳ ಅಪರೂಪ ಅಂತ, ಮತ್ತು ವೈದ್ಯರನ್ನು ಕೇಳದೆ ಮಾತ್ರೆ ನುಂಗುವವರು ಎಚ್ಚೆತ್ತುಕೊಳ್ಳಲಿ ಅಂತ.

ಲಂಡನ್ನಿನ ಅಧ್ಯಯನ ದಾಖಲೆ ನೋಡಿ ಮಾಡಿದ್ದು. ಮಾತ್ರೆ ಬರೆಸಿಕೊಂಡವರಲ್ಲಿ ಕಾಯಿಲೆ ಕಡಿಮೆ ಕಂಡಿತು ಅನ್ನುವುದಕ್ಕೂ ಮಾತ್ರೆಯಿಂದಲೇ ಕಡಿಮೆಯಾಯಿತು ಅನ್ನುವುದಕ್ಕೂ ವ್ಯತ್ಯಾಸ ಇದೆ. ಲೈಂಗಿಕವಾಗಿ ಚುರುಕಾಗಿರುವವರು ಮೊದಲೇ ಹೆಚ್ಚು ಆರೋಗ್ಯವಂತರಾಗಿರಬಹುದು. ಸಂಶೋಧಕರೇ ಇದನ್ನು ಹೇಳಿದ್ದಾರೆ. ಮರೆವು ಬಾರದಿರಲಿ ಅಂತ ಯಾರೂ ಇದನ್ನು ನುಂಗಬೇಕಿಲ್ಲ.

ಹೃದಯದ ಬಗ್ಗೆಯೂ ಇದೇ ಕಥೆ. ಸ್ವೀಡನ್ನಿನ ಸಂಶೋಧಕರು 2021ರಲ್ಲಿ, ಸ್ಥಿರವಾದ ಹೃದ್ರೋಗ ಇರುವ ಗಂಡಸರಲ್ಲಿ ಈ ಮಾತ್ರೆ ತೆಗೆದುಕೊಂಡವರು ನಿಮಿರುವಿಕೆಗೆ ಬೇರೆ ಚಿಕಿತ್ಸೆ ಪಡೆದವರಿಗಿಂತ ಕಡಿಮೆ ಸತ್ತರು ಅಂತ ಕಂಡುಕೊಂಡರು. ಅದೇ ದೇಶದಿಂದ 2024ರಲ್ಲಿ ಬಂದ ಅಧ್ಯಯನ, ನೈಟ್ರೇಟ್ ಜೊತೆಗೆ ಇದನ್ನೂ ಬರೆಸಿಕೊಂಡವರಲ್ಲಿ ಸಾವು, ಹೃದಯಾಘಾತ ಜಾಸ್ತಿ ಅಂತ ಹೇಳಿತು. ಎರಡನ್ನೂ ಒಟ್ಟಿಗೆ ಓದಿದರೆ ವಿರೋಧ ಇಲ್ಲ. ಹೃದ್ರೋಗ ಇದೆ ಅನ್ನುವುದು ತಡೆ ಅಲ್ಲ. ಜೊತೆಯಲ್ಲಿ ಯಾವ ಔಷಧಿ ಇದೆ, ಮೆಟ್ಟಿಲು ಹತ್ತುವಷ್ಟು ಶಕ್ತಿ ಹೃದಯಕ್ಕಿದೆಯೇ ಅನ್ನುವುದು ನಿರ್ಧರಿಸುತ್ತದೆ. ಸಿಲ್ಡೆನಾಫಿಲ್ ಅನ್ನು ಮೊದಲು ಪರೀಕ್ಷಿಸಿದ್ದೇ ಎದೆನೋವಿನ ಔಷಧಿಯಾಗಿ. ಶ್ವಾಸಕೋಶದ ರಕ್ತದೊತ್ತಡಕ್ಕೆ ಇಂದಿಗೂ ಅದನ್ನು ಕೊಡುತ್ತಾರೆ.

ಚೀಟಿ ಬೇಕೋ ಬೇಡವೋ

ನಮ್ಮ ದೇಶದಲ್ಲಿ ಸಿಲ್ಡೆನಾಫಿಲ್ ಶೆಡ್ಯೂಲ್ ಎಚ್ ಔಷಧಿ. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಭಾರತೀಯ ಕಂಪನಿಗಳು 2001ರಲ್ಲೇ ತಮ್ಮ ಬ್ರ್ಯಾಂಡ್‌ಗಳನ್ನು ತಂದವು. ಫೈಜರ್ ತನ್ನ ವಯಾಗ್ರಾ ತಂದದ್ದು 2005ರ ಕೊನೆಗೆ, ಅಷ್ಟರಲ್ಲಿ ಅಗ್ಗದ ಮಾತ್ರೆಗಳು ಗಲ್ಲಿಗಲ್ಲಿಗೂ ತಲುಪಿದ್ದವು. ನಿಯಮ ಕಾಗದದಲ್ಲಿ ಉಳಿಯಿತು, ಕೌಂಟರಿನಲ್ಲಿ ಕೇಳಿದವರಿಗೆ ಮಾತ್ರೆ ಸಿಗುತ್ತಾ ಹೋಯಿತು.

ಬ್ರಿಟನ್ ಬೇರೆ ದಾರಿ ಹಿಡಿಯಿತು. 2018ರಿಂದ ಅಲ್ಲಿ 50 ಮಿಲಿಗ್ರಾಂ ಸಿಲ್ಡೆನಾಫಿಲ್ ಚೀಟಿ ಇಲ್ಲದೆ ಸಿಗುತ್ತದೆ. ಆದರೆ ಫಾರ್ಮಸಿಸ್ಟ್ ಹೃದಯ, ಬಿಪಿ, ಬೇರೆ ಔಷಧಿಗಳ ಬಗ್ಗೆ ಪ್ರಶ್ನೆ ಕೇಳಿ, ಸರಿ ಅನ್ನಿಸಿದರೆ ಮಾತ್ರ ಕೊಡಬೇಕು. ಹೀಗೆ ಮಾಡಿದರೆ ನಾಚಿಕೆಯಿಂದ ಕಳ್ಳಮಾರ್ಗ ಹಿಡಿಯುವವರು ಕಡಿಮೆಯಾಗುತ್ತಾರೆ ಅನ್ನುವುದು ಅದರ ಪರ ವಾದ. ಭಾರತದಲ್ಲೂ ಹಾಗೆ ಮಾಡಲಿ ಅನ್ನುವವರಿದ್ದಾರೆ. ಇಲ್ಲಿ ಶುಗರ್, ಬಿಪಿ ಇರುವುದೇ ಎಷ್ಟೋ ಜನರಿಗೆ ಗೊತ್ತಿಲ್ಲ, ವೈದ್ಯರನ್ನು ಕಾಣುವ ಒಂದೇ ನೆಪವನ್ನೂ ಕಿತ್ತುಕೊಳ್ಳಬೇಡಿ ಅನ್ನುವುದು ಎದುರು ವಾದ.

ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ಬ್ರಿಟನ್ನಿನ ವ್ಯವಸ್ಥೆ ನಿಂತಿರುವುದು ಫಾರ್ಮಸಿಸ್ಟ್ ಕೇಳುವ ಪ್ರಶ್ನೆಗಳ ಮೇಲೆ. ಸಂಜೆ ಏಳು ಗಂಟೆಗೆ ಡೊಂಬಿವಲಿ ಸ್ಟೇಷನ್ ಎದುರಿನ ಮೆಡಿಕಲ್‌ನಲ್ಲಿ ಹಿಂದೆ ಹತ್ತು ಜನ ನಿಂತಿರುವಾಗ ಆ ಪ್ರಶ್ನೆಗಳನ್ನು ಕೇಳುವವರು ಯಾರು, ಬಾಯಿಬಿಟ್ಟು ಉತ್ತರಿಸುವವರು ಯಾರು? ಮಧ್ಯದ ದಾರಿಯೊಂದು ಈಗಾಗಲೇ ಇದೆ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ನೋಂದಾಯಿತ ವೈದ್ಯರು ವಿಡಿಯೋ ಕರೆಯಲ್ಲಿ ನೋಡಿ ಚೀಟಿ ಬರೆಯಬಹುದು, ಆ ಚೀಟಿಯಲ್ಲಿ ಅವರ ನೋಂದಣಿ ಸಂಖ್ಯೆ ಇರಲೇಬೇಕು. ಮುಖ ತೋರಿಸಲು ನಾಚಿಕೆ ಪಡುವವರಿಗೆ ಇದು ನಿಜವಾದ ಅನುಕೂಲ. ಆದರೆ ಎರಡು ನಿಮಿಷದ ಫಾರ್ಮ್ ತುಂಬಿಸಿಕೊಂಡು ತಿಂಗಳ ಪೊಟ್ಟಣ ಕಳಿಸುವ ಆ್ಯಪ್‌ಗಳಲ್ಲಿ ಶುಗರ್ ಪರೀಕ್ಷೆಯ ಮಾತೇ ಬರದಿದ್ದರೆ, ಅದೂ ಕೌಂಟರಿನ ಮಾರಾಟವೇ.

"ಗುಪ್ತರೋಗ" ಪೋಸ್ಟರು ಮತ್ತು ಕೋರ್ಟಿನ ಸುದ್ದಿ

ಲೋಕಲ್ ಟ್ರೇನಿನಲ್ಲಿ ಓಡಾಡುವವರು ಇವನ್ನು ನೋಡದೆ ಇರಲು ಸಾಧ್ಯವಿಲ್ಲ. ಬಾಗಿಲ ಪಕ್ಕ ಅಂಟಿಸಿದ ಚೀಟಿ, ಒಂದು ಫೋನ್ ನಂಬರು, ಶರ್ತಿಯಾ ಇಲಾಜು, ಅಂದರೆ ಖಚಿತವಾಗಿ ವಾಸಿ, ಎಂಬ ಭರವಸೆ. 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಇಂಥ ಜಾಹೀರಾತನ್ನು ನೇರವಾಗಿ ನಿಷೇಧಿಸುತ್ತದೆ. ಲೈಂಗಿಕ ಶಕ್ತಿ ಹೆಚ್ಚಿಸುವ ಭರವಸೆ ಕೊಟ್ಟು ಔಷಧಿ ಪ್ರಚಾರ ಮಾಡುವುದು ಅಪರಾಧ.

ಹಾಗಾದರೆ ಗೊಂದಲ ಎಲ್ಲಿಂದ? 2018ರಲ್ಲಿ ಔಷಧ ನಿಯಮಗಳಿಗೆ 170ನೇ ನಿಯಮ ಸೇರಿತು. ಆಯುರ್ವೇದ, ಸಿದ್ಧ, ಯುನಾನಿ ಔಷಧಿಗಳ ಜಾಹೀರಾತಿಗೆ ರಾಜ್ಯದ ಅಧಿಕಾರಿಯ ಒಪ್ಪಿಗೆ ಮೊದಲೇ ಬೇಕು ಅಂತ ಅದು ಹೇಳುತ್ತಿತ್ತು. 2024ರ ಜುಲೈ 1ರಂದು ಕೇಂದ್ರ ಆಯುಷ್ ಸಚಿವಾಲಯ ಅದನ್ನು ತೆಗೆದುಹಾಕಿತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ ಕ್ರಮಕ್ಕೆ ತಡೆ ಕೊಟ್ಟಿತು. 2025ರ ಆಗಸ್ಟ್‌ನಲ್ಲಿ ಆ ಪ್ರಕರಣ ಮುಗಿಯಿತು, ತಡೆಯೂ ಹೋಯಿತು. ಇದನ್ನು ಓದಿ "ಇನ್ನು ಯಾರು ಏನು ಬೇಕಾದರೂ ಹೇಳಬಹುದು" ಅಂದುಕೊಂಡವರಿದ್ದಾರೆ. ಹಾಗಿಲ್ಲ. ಮೊದಲೇ ಒಪ್ಪಿಗೆ ಪಡೆಯುವ ಹಂತ ಹೋಗಿದೆ, 1954ರ ನಿಷೇಧ ಹಾಗೇ ಇದೆ. ಆದರೆ ಪರಿಣಾಮ ಸಣ್ಣದಲ್ಲ. ಮೊದಲು ಜಾಹೀರಾತು ಹೊರಬರುವ ಮುನ್ನವೇ ತಡೆಯಲು ಒಂದು ದಾರಿ ಇತ್ತು, ಈಗ ಬಂದ ಮೇಲೆ ಯಾರಾದರೂ ದೂರು ಕೊಟ್ಟು ಹಿಡಿಯಬೇಕು. ತನಗೆ ಈ ತೊಂದರೆ ಇದೆ ಅಂತ ಒಪ್ಪಿಕೊಂಡು ದೂರು ಕೊಡಲು ಮುಂದೆ ಬರುವ ಗಂಡಸರು ಎಷ್ಟು ಜನ?

ಆಯುರ್ವೇದದಲ್ಲಿ ವಾಜೀಕರಣ ಎಂಬ ಲೈಂಗಿಕ ಶಕ್ತಿಯ ಚಿಕಿತ್ಸೆ ಎಂಟು ಅಂಗಗಳಲ್ಲಿ ಒಂದು, ಓದಿ ಕಲಿತ ವೈದ್ಯರ ಬಗ್ಗೆ ಇಲ್ಲಿ ತಕರಾರಿಲ್ಲ. ಅಶ್ವಗಂಧದ ಬಗ್ಗೆ ಸಣ್ಣ ಅಧ್ಯಯನಗಳಿವೆ, ದೊಡ್ಡ ಪುರಾವೆ ಇನ್ನೂ ಇಲ್ಲ. ಅಪಾಯ ಇರುವುದು ಡಬ್ಬಿಯೊಳಗೆ. ಅಮೆರಿಕದ ಔಷಧ ಇಲಾಖೆ 2007ರಿಂದ 2016ರವರೆಗೆ 776 ಪೂರಕ ಉತ್ಪನ್ನಗಳಲ್ಲಿ ಹೇಳದೆ ಬೆರೆಸಿದ ಔಷಧಿ ಪತ್ತೆ ಮಾಡಿತು. ಅವುಗಳಲ್ಲಿ ಸುಮಾರು ಶೇ 45ರಷ್ಟನ್ನು ಲೈಂಗಿಕ ಶಕ್ತಿಯ ಹೆಸರಲ್ಲಿ ಮಾರುತ್ತಿದ್ದರು, ಒಳಗೆ ಬೆರೆಸಿದ್ದು ಹೆಚ್ಚಾಗಿ ಇದೇ ಸಿಲ್ಡೆನಾಫಿಲ್. "ಪಕ್ಕಾ ಗಿಡಮೂಲಿಕೆ" ಅಂತ ನುಂಗಿದ ಪುಡಿ ಅರ್ಧ ಗಂಟೆಯಲ್ಲೇ ಕೆಲಸ ಮಾಡಿತು ಅಂದರೆ ಖುಷಿ ಪಡುವ ಬದಲು ಅನುಮಾನ ಪಡಬೇಕು. ಸಾರ್ಬಿಟ್ರೇಟ್ ತೆಗೆದುಕೊಳ್ಳುವವರು ಇಂಗ್ಲಿಷ್ ಮಾತ್ರೆ ಬೇಡ ಅಂತ ಇದನ್ನು ನುಂಗಿದರೆ ಏನಾಗುತ್ತದೆ ಅಂತ ಮೇಲೆಯೇ ಹೇಳಿದೆ.

ಮುಚ್ಚುಮರೆ ಇದ್ದಲ್ಲೆಲ್ಲ ಇಂಥ ವ್ಯಾಪಾರ ಬೆಳೆಯುತ್ತದೆ. ಇದೇ ಮುಂಬೈಯಲ್ಲಿ ರಘುನಾಥ ಧೋಂಡೋ ಕರ್ವೆ 1927ರಲ್ಲಿ ಸಮಾಜಸ್ವಾಸ್ಥ್ಯ ಎಂಬ ಮರಾಠಿ ಪತ್ರಿಕೆ ತೆಗೆದು ಲೈಂಗಿಕ ಆರೋಗ್ಯದ ಪ್ರಶ್ನೆಗಳಿಗೆ ನೇರ ಉತ್ತರ ಕೊಟ್ಟರು. ಅಶ್ಲೀಲ ಅಂತ ಮೊಕದ್ದಮೆ ಬಿತ್ತು, 1934ರಲ್ಲಿ ಅವರ ಪರ ವಾದಿಸಿದ್ದು ಡಾ. ಅಂಬೇಡ್ಕರ್. ಅದೇ ನಗರದಲ್ಲಿ ಡಾ. ಮಹಿಂದರ್ ವತ್ಸ 80 ದಾಟಿದ ಮೇಲೆ ದಿನಪತ್ರಿಕೆಯೊಂದರಲ್ಲಿ ಉತ್ತರಿಸಲು ಶುರುಮಾಡಿ, 2020ರಲ್ಲಿ ತೀರಿಕೊಳ್ಳುವವರೆಗೂ ಹೆಚ್ಚುಕಡಿಮೆ ಆ ಕೆಲಸದಲ್ಲೇ ಇದ್ದರು. ಜನರಿಗೆ ಕೇಳಲು ಜಾಗ ಕೊಟ್ಟರೆ ಕೇಳುತ್ತಾರೆ ಅನ್ನುವುದಕ್ಕೆ ಇವೆರಡೇ ಸಾಕು. ಕನ್ನಡದಲ್ಲಿ ಅಂಥ ಜಾಗ ಇನ್ನೂ ಜಾಸ್ತಿ ಬೇಕು, ಊರಿಂದ ದೂರ ಇರುವವರಿಗಂತೂ ತುಂಬಾ ಬೇಕು.

ಮಾತ್ರೆಯ ಆಚೆಗೆ

ನಡಿಗೆ, ವ್ಯಾಯಾಮ ಅಂದರೆ ಸುಮ್ನೆ ಹೇಳುವ ಮಾತು ಅಂದುಕೊಳ್ಳಬೇಡಿ. ವಾರಕ್ಕೆ ನಾಲ್ಕು ದಿನ, ದಿನಕ್ಕೆ 40 ನಿಮಿಷ ಬೆವರು ಬರುವ ವ್ಯಾಯಾಮವನ್ನು ಆರು ತಿಂಗಳು ಮಾಡಿದರೆ ನಿಮಿರುವಿಕೆ ಸುಧಾರಿಸುತ್ತದೆ ಅಂತ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ 2018ರ ವಿಮರ್ಶೆ ಹೇಳಿದೆ. ಇಟಲಿಯ 2004ರ ಅಧ್ಯಯನದಲ್ಲಿ ಬೊಜ್ಜು ಇಳಿಸಿದವರಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಮಾತ್ರೆ ಇಲ್ಲದೆಯೇ ಸರಿಹೋಯಿತು. ಸಿಗರೇಟು, ಗುಟ್ಕಾ ಬಿಡುವುದು ಇದರಷ್ಟೇ ಮುಖ್ಯ. ಬಿಪಿಯ ಕೆಲವು ಮಾತ್ರೆ, ಖಿನ್ನತೆಯ ಕೆಲವು ಮಾತ್ರೆಗಳಿಂದಲೂ ತೊಂದರೆ ಬರುತ್ತದೆ. ಅವನ್ನು ತಾವಾಗಿಯೇ ನಿಲ್ಲಿಸಬಾರದು, ವೈದ್ಯರು ಬದಲಿಸಿ ಕೊಡುತ್ತಾರೆ.

ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನಿನ ಇಂಜೆಕ್ಷನ್ ಬೇಕಾಗುವುದು ಅದು ನಿಜಕ್ಕೂ ಕಡಿಮೆ ಇದ್ದವರಿಗೆ. ಬೆಳಗಿನ ರಕ್ತದಲ್ಲಿ, ಎರಡು ಬೇರೆ ಬೇರೆ ದಿನ ನೋಡಿ ಖಚಿತ ಮಾಡಿಕೊಳ್ಳಬೇಕು. ಇದು ವೀರ್ಯಾಣು ತಯಾರಾಗುವುದನ್ನೇ ನಿಲ್ಲಿಸಬಹುದು. ಮಕ್ಕಳು ಬೇಕು ಅನ್ನುವವರು ಜಿಮ್ಮಿನಲ್ಲಿ ಯಾರೋ ಹೇಳಿದರು ಅಂತ ಹಾಕಿಸಿಕೊಂಡರೆ ದೊಡ್ಡ ನಷ್ಟ.

ಮಾತ್ರೆ ಫಲಿಸದವರಿಗೆ ವ್ಯಾಕ್ಯೂಮ್ ಪಂಪ್ ಇದೆ, ಶಿಶ್ನಕ್ಕೇ ಕೊಟ್ಟುಕೊಳ್ಳುವ ಸಣ್ಣ ಸೂಜಿಯ ಇಂಜೆಕ್ಷನ್ ಇದೆ. ಇಂಜೆಕ್ಷನ್ ಆಗಲಿ ಮಾತ್ರೆ ಆಗಲಿ, ನಿಮಿರುವಿಕೆ ನಾಲ್ಕು ಗಂಟೆ ದಾಟಿದರೂ ಇಳಿಯದಿದ್ದರೆ ಅದು ತುರ್ತು ಸ್ಥಿತಿ, ತಡಮಾಡಿದರೆ ಅಂಗಾಂಶ ಶಾಶ್ವತವಾಗಿ ಕೆಡುತ್ತದೆ. ಕೊನೆಯ ಉಪಾಯ ಇಂಪ್ಲಾಂಟ್ ಶಸ್ತ್ರಚಿಕಿತ್ಸೆ. ಹೊರದೇಶದ ಇಂಪ್ಲಾಂಟುಗಳು ದುಬಾರಿ, ಮುಂಬೈನ ಆಂಡ್ರಾಲಜಿಸ್ಟ್ (ಗಂಡಸರ ಲೈಂಗಿಕ ಆರೋಗ್ಯದ ತಜ್ಞ) ಡಾ. ರೂಪಿನ್ ಶಾ ರೂಪಿಸಿದ ದೇಶೀ ಇಂಪ್ಲಾಂಟ್ ಬಂದ ಮೇಲೆ ಕಡಿಮೆ ಖರ್ಚಿನ ದಾರಿಯೂ ತೆರೆಯಿತು. ಶಾಕ್‌ವೇವ್, ಪಿಆರ್‌ಪಿ, ಸ್ಟೆಮ್ ಸೆಲ್ ಅಂತ ಪ್ಯಾಕೇಜು ಮಾರುವ ಕ್ಲಿನಿಕ್ಕುಗಳಿವೆ. ಅಮೆರಿಕದ ಮೂತ್ರರೋಗ ತಜ್ಞರ ಸಂಘ 2018ರ ಮಾರ್ಗಸೂಚಿಯಲ್ಲಿ ಇವನ್ನು ಇನ್ನೂ ಪ್ರಯೋಗದ ಹಂತದವು ಅಂದಿದೆ. ಸಾಲ ಮಾಡಿ ಮಾಡಿಸುವಂಥದ್ದಲ್ಲ.

ಎಲ್ಲಿ ಹೋಗಬೇಕು, ಏನು ಹೇಳಬೇಕು

ಪರೇಲಿನ ಕೆಇಎಂ, ಸಾಯನ್, ನಾಯರ್, ಪುಣೆಯ ಸಸೂನ್, ಗೋವಾದಲ್ಲಿ ಬಾಂಬೋಲಿಮ್‌ನ ಗೋವಾ ಮೆಡಿಕಲ್ ಕಾಲೇಜು, ಇಲ್ಲೆಲ್ಲ ಮೂತ್ರರೋಗ ವಿಭಾಗ ಇದೆ. ಸರ್ಕಾರಿ ಆಸ್ಪತ್ರೆಗಳಾದ್ದರಿಂದ ಖರ್ಚೂ ಕಡಿಮೆ. ಸರದಿ ಉದ್ದ ಇರುತ್ತದೆ ನಿಜ. ಮನೆ ಹತ್ತಿರದ ಎಂಬಿಬಿಎಸ್ ವೈದ್ಯರಿಂದಲೂ ಶುರು ಮಾಡಬಹುದು, ಮೊದಲ ಪರೀಕ್ಷೆಗಳಿಗೆ ಅಷ್ಟು ಸಾಕು: ಬಿಪಿ, ಊಟಕ್ಕೆ ಮೊದಲಿನ ಶುಗರ್ ಅಥವಾ ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ, ಕೊಲೆಸ್ಟ್ರಾಲ್, ಬೇಕಿದ್ದರೆ ಬೆಳಗಿನ ಟೆಸ್ಟೋಸ್ಟಿರಾನ್.

"ವೀಕ್‌ನೆಸ್ ಇದೆ" ಅಂದರೆ ವೈದ್ಯರು ವಿಟಮಿನ್ ಬರೆದು ಕಳಿಸುತ್ತಾರೆ. ನಿಮಿರುವುದಿಲ್ಲ, ಇಷ್ಟು ತಿಂಗಳಿಂದ, ಬೆಳಗ್ಗೆ ಇರುತ್ತದೆ ಅಥವಾ ಇರುವುದಿಲ್ಲ, ಈ ಈ ಮಾತ್ರೆ ತೆಗೆದುಕೊಳ್ಳುತ್ತೇನೆ, ಇಷ್ಟು ಕುಡಿಯುತ್ತೇನೆ, ಇಷ್ಟನ್ನು ಬಿಡಿಸಿ ಹೇಳಬೇಕು. ಬಾಯಿ ಬರದಿದ್ದರೆ ಕಾಗದದಲ್ಲಿ ಬರೆದುಕೊಂಡು ಹೋಗಿ ಕೊಡಬಹುದು, ಯಾವ ವೈದ್ಯರೂ ತಪ್ಪು ತಿಳಿಯುವುದಿಲ್ಲ. ಹೆಂಡತಿ ಜೊತೆಗೆ ಬಂದರೆ ಚಿಕಿತ್ಸೆ ಇನ್ನೂ ಸಲೀಸು, ಯಾಕೆಂದರೆ ಎಷ್ಟೋ ಮನೆಗಳಲ್ಲಿ ಆಕೆ ಗಂಡನಿಗೆ ತನ್ನ ಮೇಲೆ ಮನಸ್ಸಿಲ್ಲ ಅಂದುಕೊಂಡು ಒಬ್ಬಳೇ ನೊಂದಿರುತ್ತಾಳೆ.

ಈಗಾಗಲೇ ಈ ಮಾತ್ರೆ ಬಳಸುತ್ತಿರುವವರು ಮನೆಯಲ್ಲಿ ಒಬ್ಬರಿಗಾದರೂ ಅದರ ಹೆಸರು ಹೇಳಿಡಿ. ಮಾತ್ರೆ ತೆಗೆದುಕೊಂಡ ಮೇಲೆ ಎದೆನೋವು ಬಂದರೆ ಸಾರ್ಬಿಟ್ರೇಟ್ ಇಡಬಾರದು, 108ಕ್ಕೆ ಫೋನ್ ಮಾಡಿ ಆಂಬುಲೆನ್ಸಿನವರಿಗೂ ಕ್ಯಾಶುವಲ್ಟಿ ವೈದ್ಯರಿಗೂ ಯಾವ ಮಾತ್ರೆ, ಎಷ್ಟು ಹೊತ್ತಿಗೆ ನುಂಗಿದ್ದು ಅಂತ ಮೊದಲ ಮಾತಿನಲ್ಲೇ ತಿಳಿಸಬೇಕು. ನೈಟ್ರೇಟ್ ಬಿಟ್ಟು ಬೇರೆ ಚಿಕಿತ್ಸೆ ಅವರ ಬಳಿ ಇದೆ.